ಚುನಾವಣಾ ಪ್ರಚಾರದಲ್ಲಿ ಇಂಟರ್ನ್‌ಶಿಪ್: ಬೆಂಗಳೂರಿನಲ್ಲಿ ಸ್ವಯಂಸೇವಕರ ತಂಡ ಕಟ್ಟುವುದು ಹೇಗೆ?

2023ರ ವಿಧಾನಸಭಾ ಚುನಾವಣೆಯಲ್ಲಿ ಜಯನಗರ ಕ್ಷೇತ್ರದ ಗೆಲುವಿನ ಅಂತರ 16 ಮತ. ಮರುಎಣಿಕೆಯ ಗಲಾಟೆಯಲ್ಲಿ ಇಡೀ ನಗರ ರಾತ್ರಿಯವರೆಗೂ ಆ ಒಂದು ಕೇಂದ್ರದತ್ತ ನೋಡುತ್ತಿತ್ತು. ಅದಕ್ಕೂ ಮುಂಚೆ, 2004ರಲ್ಲಿ, ಸಂತೇಮರಹಳ್ಳಿಯಲ್ಲಿ ಅಂತರ ಒಂದೇ ಒಂದು ಮತ. 16 ಮತವೆಂದರೆ ಒಂದು ಅಪಾರ್ಟ್‌ಮೆಂಟಿನ ಎರಡು ಮಹಡಿಯ ಜನ. ಯಾರೋ ಒಬ್ಬ ಸ್ವಯಂಸೇವಕ ಒಂದು ಸಂಜೆ ಆ ಎರಡು ಮಹಡಿ ಹತ್ತಿದ್ದನೋ ಇಲ್ಲವೋ ಎಂಬಷ್ಟರ ಮೇಲೆ ಐದು ವರ್ಷದ ಪ್ರಾತಿನಿಧ್ಯ ನಿಂತುಬಿಡಬಹುದು.

ಬೆಂಗಳೂರಿನ ಮಟ್ಟಿಗೆ ಇನ್ನೊಂದು ಸಂಗತಿಯೂ ಇದೆ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ಉತ್ತರ, ಕೇಂದ್ರ, ದಕ್ಷಿಣ ಮೂರೂ ಕಡೆ ಮತದಾನ ಶೇ 53–54ರ ಆಸುಪಾಸಿನಲ್ಲೇ ನಿಂತಿತು. ಪಟ್ಟಿಯಲ್ಲಿ ಹೆಸರಿರುವವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ಮತಗಟ್ಟೆಗೆ ಬರುವುದೇ ಇಲ್ಲ. ಅವರನ್ನು ರೋಡ್ ಶೋ ಮುಟ್ಟುವುದಿಲ್ಲ, ಮೊಬೈಲಿನ ವಿಡಿಯೊ ಮುಟ್ಟಿದರೂ ಎಬ್ಬಿಸುವುದಿಲ್ಲ. ಬಾಗಿಲ ಬಳಿ ಬಂದು ಮಾತಾಡಿಸುವ ಒಬ್ಬ ನೆರೆಯವರಿಂದ ಮಾತ್ರ ಅದು ಸಾಧ್ಯ. ಆ ನೆರೆಯವರನ್ನು ಹುಡುಕಿ, ಕಲಿಸಿ, ಮತ್ತೆ ಮತ್ತೆ ಬರುವಂತೆ ನೋಡಿಕೊಳ್ಳುವುದೇ ಪ್ರಚಾರ ತಂಡದ ವಿದ್ಯಾರ್ಥಿ ಇಂಟರ್ನ್‌ಗೆ ಸಾಮಾನ್ಯವಾಗಿ ಸಿಗುವ ಕೆಲಸ. ಮೇಲ್ನೋಟಕ್ಕೆ ಇದು ಫೋನ್ ಮಾಡುವ ಕೆಲಸ ಎನಿಸುತ್ತದೆ. ನನ್ನ ಪ್ರಕಾರ ಇಡೀ ಪ್ರಚಾರದಲ್ಲಿ ಇದಕ್ಕಿಂತ ಹೆಚ್ಚು ಕಲಿಸುವ ಜಾಗ ಇನ್ನೊಂದಿಲ್ಲ.

ಮುಂದೆ ಬರೆದಿರುವುದು ಯಾವ ಪಕ್ಷಕ್ಕೆ ಸೇರಿದರೂ ಅನ್ವಯಿಸುತ್ತದೆ.

1. ಸೇರುವ ಮೊದಲು ಕೇಳಬೇಕಾದದ್ದು

ಮೊದಲು ವಯಸ್ಸು. 18 ತುಂಬದಿದ್ದರೆ ಬೇಡ. ಮಕ್ಕಳನ್ನು ಪ್ರಚಾರದ ಯಾವ ಕೆಲಸಕ್ಕೂ, ಕರಪತ್ರ ಹಂಚುವುದಕ್ಕೂ ಬಳಸಬಾರದೆಂದು ಚುನಾವಣಾ ಆಯೋಗ ಪಕ್ಷಗಳಿಗೆ ಸ್ಪಷ್ಟವಾಗಿ ಹೇಳಿದೆ. ಪಿಯುಸಿ ಓದುತ್ತಿರುವ ತಮ್ಮ, ತಂಗಿಯನ್ನು 'ಸುಮ್ನೆ ಜೊತೆಗೆ' ಕರೆದೊಯ್ಯುವ ಆಸೆಯೂ ಬೇಡ.

ಎರಡನೆಯದು ಕಾಲೇಜು. ಕೆಲವು ವಿಭಾಗಗಳು ರಾಜಕೀಯ ಪ್ರಚಾರದ ಕೆಲಸವನ್ನು ಇಂಟರ್ನ್‌ಶಿಪ್ ಎಂದು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಕಾನೂನು ವಿದ್ಯಾರ್ಥಿಗಳಿಗೆ ಭಾರತೀಯ ವಕೀಲರ ಪರಿಷತ್ತಿನ ನಿಯಮದಂತೆ ಮೂರು ವರ್ಷದ ಕೋರ್ಸಿಗೆ ಕನಿಷ್ಠ 12 ವಾರ, ಐದು ವರ್ಷದ ಕೋರ್ಸಿಗೆ ಕನಿಷ್ಠ 20 ವಾರ ಇಂಟರ್ನ್‌ಶಿಪ್ ಬೇಕು. ಪ್ರಚಾರದ ಕೆಲಸವನ್ನು ಆ ಲೆಕ್ಕಕ್ಕೆ ಹಿಡಿಯುತ್ತಾರೆಯೇ ಎಂದು ವಿಭಾಗದ ಮುಖ್ಯಸ್ಥರಿಂದ ಬರಹದಲ್ಲೇ ತಿಳಿದುಕೊಳ್ಳಿ. ಒಪ್ಪಿದರೂ ಕಾಲೇಜಿನ ಇಮೇಲ್, ಲಾಂಛನ, ತರಗತಿಯ ವಾಟ್ಸ್ಆ್ಯಪ್ ಗುಂಪು ಇವನ್ನು ಪ್ರಚಾರಕ್ಕೆ ಬಳಸಬೇಡಿ. ವೀಸಾ ಮೇಲೆ ಓದುತ್ತಿರುವ ವಿದೇಶಿ ಸಹಪಾಠಿಗಳನ್ನು ಇದಕ್ಕೆ ಎಳೆಯಲೇಬೇಡಿ.

ಮೂರನೆಯದು ಪ್ರಚಾರ ಕಚೇರಿ. ನಿಮ್ಮ ಮೇಲೆ ಯಾರು, ಯಾವ ವಾರ್ಡು, ಎಷ್ಟು ಹೊತ್ತು, ಗೌರವಧನ ಇದೆಯೇ, ಓಡಾಟದ ಖರ್ಚು ಯಾರದು, ಕೊನೆಯಲ್ಲಿ ಪ್ರಮಾಣಪತ್ರಕ್ಕೆ ಸಹಿ ಹಾಕುವವರು ಯಾರು. ಇಷ್ಟೂ ಒಂದು ಪುಟದ ಪತ್ರದಲ್ಲಿ ಬರಲಿ. 'ಬನ್ನಿ, ನೋಡ್ಕೊಳೋಣ' ಎನ್ನುವ ಕಚೇರಿಯಲ್ಲಿ ಇಂಟರ್ನ್‌ಗಳು ಕೊನೆಗೆ ಕುರ್ಚಿ ಜೋಡಿಸುತ್ತಾ, ಸೆಲ್ಫಿ ತೆಗೆಯುತ್ತಾ ಉಳಿದುಬಿಡುತ್ತಾರೆ. ಮೇಲ್ವಿಚಾರಕರ ಹೆಸರನ್ನೇ ಹೇಳಲಾಗದ ಕಚೇರಿಗೆ ಸೇರಬೇಡಿ.

ಕೊನೆಯದು ನಿಮ್ಮ ಮನಸ್ಸು. ಅಪರಿಚಿತರ ಬಾಗಿಲಲ್ಲಿ ನಿಂತು 'ನೀವ್ಯಾಕೆ ಇವರ ಪರ?' ಎಂಬ ಪ್ರಶ್ನೆಗೆ ನಿಮ್ಮದೇ ಮಾತಿನಲ್ಲಿ ಎರಡು ವಾಕ್ಯ ಹೇಳಬಲ್ಲಿರಾ? ಬಯೋಡೇಟಾಗಷ್ಟೇ ಆದರೆ ಬೇರೆ ಇಂಟರ್ನ್‌ಶಿಪ್‌ಗಳು ಬೇಕಾದಷ್ಟಿವೆ.

2. ಮೊದಲ ವಾರ: ಭಾಗ ಸಂಖ್ಯೆ ಕಲಿಯಿರಿ

ಹೊಸಬರು ವಾರ್ಡಿನ ಲೆಕ್ಕದಲ್ಲಿ ಯೋಚಿಸುತ್ತಾರೆ. ಚುನಾವಣೆ ನಡೆಯುವುದು ಭಾಗ ಸಂಖ್ಯೆಯ ಲೆಕ್ಕದಲ್ಲಿ. ಮತದಾರರ ಪಟ್ಟಿಯನ್ನು ಭಾಗಗಳಾಗಿ ಒಡೆದಿರುತ್ತಾರೆ. ಒಂದೊಂದು ಭಾಗಕ್ಕೂ ಒಂದೊಂದು ಮತಗಟ್ಟೆ. ಪಟ್ಟಿ ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಕನ್ನಡದಲ್ಲೇ ಸಿಗುತ್ತದೆ. ನಿಮಗೆ ಕೊಟ್ಟ ಪ್ರದೇಶದ ಭಾಗಗಳನ್ನು ಇಳಿಸಿಕೊಂಡು ಮುದ್ರಿಸಿ, ಕೈಯಲ್ಲಿ ಹಿಡಿದು ಬೀದಿಗಿಳಿಯಿರಿ.

ಆಗ ಗೊತ್ತಾಗುತ್ತದೆ ಬೆಂಗಳೂರು ಏನೆಂದು. ಒಂದೇ ಮನೆಗೆ ಹಳೇ ನಂಬರು, ಹೊಸ ನಂಬರು ಎರಡೂ ಇರುತ್ತವೆ. ಪಟ್ಟಿಯಲ್ಲಿ ಹಳೆಯದು, ಗೇಟಿನ ಮೇಲೆ ಹೊಸದು. 5ನೇ ಕ್ರಾಸ್ ಮುಗಿದ ಮೇಲೆ 5ನೇ 'ಎ' ಕ್ರಾಸ್, ಅದರ ಹಿಂದೆ ಹೆಸರೇ ಇಲ್ಲದ ಗಲ್ಲಿ. ಬಾಡಿಗೆದಾರರು ಮನೆ ಬಿಟ್ಟು ಎರಡು ವರ್ಷವಾಗಿದ್ದರೂ ಹೆಸರು ಅಲ್ಲೇ ಕುಳಿತಿರುತ್ತದೆ. ಈಗ ಆ ಮನೆಯಲ್ಲಿರುವವರ ಹೆಸರು ರಾಯಚೂರಿನಲ್ಲೋ ಹಾಸನದಲ್ಲೋ ಇರುತ್ತದೆ. ಚಾಮರಾಜಪೇಟೆಯ ಹಳೇ ಬೀದಿಯಲ್ಲಿ ನಡೆದುಬಂದ ವಿಧಾನ ವೈಟ್‌ಫೀಲ್ಡ್ ಕಡೆಯ ಗೇಟೆಡ್ ಅಪಾರ್ಟ್‌ಮೆಂಟಿನಲ್ಲಿ ನಡೆಯುವುದಿಲ್ಲ. ಇಲ್ಲಿ ಬಾಗಿಲು ತಟ್ಟಿದರೆ ಕಾಫಿ ಬರುತ್ತದೆ, ಅಲ್ಲಿ ಸೆಕ್ಯುರಿಟಿ ಗೇಟು ದಾಟಲು ನಿವಾಸಿಗಳ ಸಂಘದ ಅನುಮತಿ ಬೇಕು. ಪೀಣ್ಯದ ಸುತ್ತಲಿನ ಬಡಾವಣೆಗಳಲ್ಲಿ ಭಾನುವಾರ ಬಿಟ್ಟು ಹಗಲು ಹೊತ್ತಿನಲ್ಲಿ ದುಡಿಯುವ ವಯಸ್ಸಿನವರು ಮನೆಯಲ್ಲೇ ಇರುವುದಿಲ್ಲ.

ಈ ನಡಿಗೆಯಲ್ಲಿ ನಿಮಗೆ ಸಿಗುವ ಅತ್ಯಂತ ಬೆಲೆಬಾಳುವ ವ್ಯಕ್ತಿ ಆ ಬೀದಿಯ ಹಳೆಯ ಕಾರ್ಯಕರ್ತರು. ಇಪ್ಪತ್ತು ವರ್ಷದಿಂದ ಪಕ್ಷದ ಬಾವುಟ ಕಟ್ಟಿದವರು. ಯಾವ ಮನೆಯಲ್ಲಿ ಯಾರು ತೀರಿಕೊಂಡರು, ಯಾವ ಮನೆಯ ಮಗಳು ಮದುವೆಯಾಗಿ ಹೋದಳು, ಯಾವ ಸಾಲಿನಲ್ಲಿ ತಮಿಳು, ಯಾವ ಸಾಲಿನಲ್ಲಿ ಉರ್ದು, ತೆಲುಗು ಎಂಬುದೆಲ್ಲ ಅವರ ನೆನಪಿನಲ್ಲಿದೆ. ಲ್ಯಾಪ್‌ಟಾಪ್ ಹಿಡಿದು ಬಂದ ವಿದ್ಯಾರ್ಥಿಯನ್ನು ಕಂಡಾಗ ಅವರಿಗೆ ಸಹಜವಾಗಿಯೇ ಬೇಸರವಾಗುತ್ತದೆ: ಇಷ್ಟು ವರ್ಷ ದುಡಿದದ್ದು ನಾವು, ಈಗ ಇವರು ಬಂದು ನಮ್ಮ ಲೆಕ್ಕ ಕೇಳುತ್ತಾರೆ ಎಂದು. ಆ ಬೇಸರ ನ್ಯಾಯವಾದದ್ದು. ಆದ್ದರಿಂದ ಮೊದಲ ದಿನವೇ ಅವರ ಲೆಕ್ಕ ಕೇಳಬೇಡಿ. ಟೀ ಕುಡಿಯುತ್ತಾ ಬೀದಿಯ ಕಥೆ ಕೇಳಿ. ಅವರೊಂದಿಗೆ ಒಂದು ಸುತ್ತು ನಡೆಯಿರಿ. ಆಮೇಲೆ ನಿಮ್ಮ ಪಟ್ಟಿಯಲ್ಲಿ ಆ ಭಾಗದ ಮುಂದೆ ಹೊಣೆಗಾರರೆಂದು ಅವರ ಹೆಸರನ್ನೇ ಬರೆಯಿರಿ, ಅವರೆದುರಿಗೇ. ಹೊಸ ಸ್ವಯಂಸೇವಕರನ್ನು ಅವರ ಕೈಕೆಳಗೆ ಕಳಿಸಿ. ಕಚೇರಿಯ ಸಭೆಯಲ್ಲಿ ಒಂದು ಭಾಗದ ಕೆಲಸ ಚೆನ್ನಾಗಿ ನಡೆದಿದೆ ಎಂದು ಹೇಳುವಾಗ ಮೊದಲು ಅವರ ಹೆಸರು ಹೇಳಿ. ಹಳಬರಿಗೂ ಹೊಸಬರಿಗೂ ನಡುವೆ ನೀವು ಸೇತುವೆಯಾದರೆ ಇಂಟರ್ನ್‌ಶಿಪ್‌ನ ಅರ್ಧ ಕೆಲಸ ಆದಂತೆಯೇ.

ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್ಒ, ಬೇರೆಯೇ ಜನ. ಅವರು ಸರ್ಕಾರದ ಪರವಾಗಿ ಪಟ್ಟಿ ನೋಡಿಕೊಳ್ಳುವವರು. ಅವರಿಂದ ನಮೂನೆಗಳ ಮಾಹಿತಿ ಕೇಳಬಹುದು, ಪ್ರಚಾರದ ಸಹಾಯ ಕೇಳಬಾರದು.

ಬೆಂಗಳೂರಿನ ಪಾಲಿಕೆ ಚುನಾವಣೆಗೆ ಕೆಲಸ ಮಾಡುವವರಿಗೆ ಒಂದು ಮಾತು. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಆ ಸದಸ್ಯರ ಅವಧಿ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ನಗರಕ್ಕೆ ಐದು ಪಾಲಿಕೆಗಳಾದವು, ಆಮೇಲೆ ವಾರ್ಡುಗಳ ಗಡಿಗಳೂ ಹೊಸದಾದವು. ಹಳೇ ವಾರ್ಡಿನ ನಕ್ಷೆ ನಂಬಿ ತಂಡ ಹಂಚಬೇಡಿ. ಪಾಲಿಕೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಮುಂದೆ ನಾನು ಹೇಳುವ ಖರ್ಚಿನ ಮಿತಿ ಮುಂತಾದವು ಲೋಕಸಭೆ, ವಿಧಾನಸಭೆಗೆ ಸಂಬಂಧಿಸಿದವು. ಪಾಲಿಕೆಗೆ ಅದರದೇ ಆದೇಶಗಳನ್ನು ಓದಿಕೊಳ್ಳಿ.

3. ಜನರನ್ನು ಕರೆಯುವ ಬಗೆ

ಸ್ವಯಂಸೇವಕರು ಎಲ್ಲಿ ಸಿಗುತ್ತಾರೆ? ಬೆಳಿಗ್ಗೆ ಪಾರ್ಕಿನಲ್ಲಿ ನಡೆಯುವ ನಿವೃತ್ತರು, ಸ್ತ್ರೀಶಕ್ತಿ ಗುಂಪಿನ ಹೆಣ್ಣುಮಕ್ಕಳು, ಆಟೋ ನಿಲ್ದಾಣದ ಚಾಲಕರು, ವಾರಾಂತ್ಯ ಬಿಡುವಾಗುವ ಸಾಫ್ಟ್‌ವೇರ್ ಉದ್ಯೋಗಿಗಳು, ನಿಮ್ಮದೇ ತರಗತಿಯ ಗೆಳೆಯರು. ಗೆಳೆಯರಿಂದ ಆರಂಭಿಸುವುದು ಸುಲಭ, ಆದರೆ ಅಲ್ಲೇ ನಿಲ್ಲಬೇಡಿ. ಬೀದಿಯಲ್ಲಿ ಹೆಚ್ಚು ತೂಕ ಇರುವುದು ಆ ಬೀದಿಯಲ್ಲೇ ಇರುವವರ ಮಾತಿಗೆ. ಹಾಲಿ ಸರ್ಕಾರಿ ನೌಕರರನ್ನು ಮಾತ್ರ ಕೇಳಲೇಬೇಡಿ. ಅವರು ಪ್ರಚಾರದಲ್ಲಿ ತೊಡಗುವಂತಿಲ್ಲ, ನಿಮ್ಮ ಉತ್ಸಾಹಕ್ಕೆ ಅವರ ಕೆಲಸ ಬಲಿಯಾಗಬಾರದು.

'ಸಹಾಯ ಮಾಡ್ತೀರಾ?' ಎಂದು ಕೇಳಿದರೆ 'ಖಂಡಿತ, ಹೇಳಿ' ಎನ್ನುತ್ತಾರೆ. ಅಷ್ಟೇ. ಆ ಉತ್ತರದಿಂದ ಯಾರೂ ಬರುವುದಿಲ್ಲ. ಕೇಳುವುದಾದರೆ ಹೀಗೆ ಕೇಳಿ:

"ನಮಸ್ಕಾರ ಮೇಡಂ, ಪ್ರಚಾರ ತಂಡದಿಂದ ಮಾತಾಡ್ತಿದ್ದೀನಿ. ಮೊನ್ನೆ ಪಾರ್ಕ್ ಹತ್ರ ಹೆಸರು ಕೊಟ್ಟಿದ್ರಲ್ಲ. ಈ ಶನಿವಾರ ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆ, ನಿಮ್ಮ ಮನೆ ಹಿಂದಿನ ಎರಡು ಕ್ರಾಸ್. ನಿಮ್ಮ ಜೊತೆ ಇನ್ನೊಬ್ರು ಇರ್ತಾರೆ. ಬರೋಕಾಗುತ್ತಾ?"

ದಿನ, ಗಂಟೆ, ಜಾಗ, ಜೊತೆ. ನಾಲ್ಕೂ ಹೇಳಿ ಸುಮ್ಮನಾಗಿ. ಉತ್ತರ ಬರುವವರೆಗೆ ಮೌನವನ್ನು ತುಂಬಲು ಹೋಗಬೇಡಿ. ಆಗುವುದಿಲ್ಲ ಎಂದರೆ ಒತ್ತಾಯ ಬೇಡ, ಯಾವಾಗ ಆಗುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಮನೆಮನೆ ತಿರುಗಲು ಇಷ್ಟವಿಲ್ಲದವರಿಗೆ ಬೇರೆ ಕೆಲಸವಿದೆ: ಫೋನ್ ಕರೆ, ಪಟ್ಟಿ ತಿದ್ದುವುದು, ಬೇರೆ ಭಾಷೆಯ ಮನೆಗಳಿಗೆ ಮಾತಿನ ನೆರವು. ಮಂಡಿನೋವಿನ ನಿವೃತ್ತ ಮೇಷ್ಟ್ರೊಬ್ಬರು ಕುಳಿತಲ್ಲೇ ಮಾಡುವ ಫೋನ್ ಕರೆ ಹತ್ತು ಹುಡುಗರ ಬೈಕ್ ರ‍್ಯಾಲಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಹಿಂದಿನ ದಿನ ಸಂಜೆ ನೆನಪಿಸುವ ಕರೆ ತಪ್ಪಿಸಬೇಡಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹೆಬ್ಬೆರಳು ಎತ್ತಿದವರೆಲ್ಲ ಬರುವುದಿಲ್ಲ, ಮಾತಿನಲ್ಲಿ 'ಬರ್ತೀನಿ' ಎಂದವರು ಬಹುಮಟ್ಟಿಗೆ ಬರುತ್ತಾರೆ. ಗುಂಪು ಸೂಚನೆಗಷ್ಟೇ ಇರಲಿ. ಸಂದೇಶ ಹಾಕುವ ಅವಕಾಶವನ್ನು ನಿರ್ವಾಹಕರಿಗೆ ಸೀಮಿತ ಮಾಡಿ. ಸುಪ್ರಭಾತದ ಚಿತ್ರ, ಮೂಲ ಗೊತ್ತಿಲ್ಲದ ವಿಡಿಯೊ ತುಂಬಿಕೊಂಡ ಗುಂಪನ್ನು ಜನ ಮ್ಯೂಟ್ ಮಾಡುತ್ತಾರೆ, ಮುಖ್ಯವಾದ ಸೂಚನೆಯೂ ಅದರೊಳಗೇ ಹೂತುಹೋಗುತ್ತದೆ.

ಇನ್ನು ಬಂದವರ ವಿಷಯ. ನೀವು ಏಳೂವರೆ ಎಂದು ಹೇಳಿದ್ದರೆ ಏಳು ಕಾಲಿಗೆ ಅಲ್ಲಿರಿ. ಅಭ್ಯರ್ಥಿ ಬರುತ್ತಾರೆ ಎಂದು ಜನರನ್ನು ಎರಡು ಗಂಟೆ ರಸ್ತೆಯಲ್ಲಿ ನಿಲ್ಲಿಸುವ ಪದ್ಧತಿ ನಮ್ಮ ರಾಜಕಾರಣದಲ್ಲಿ ಹಳೆಯದು. ಅದನ್ನು ನಿಮ್ಮ ತಂಡದ ಮಟ್ಟಿಗಾದರೂ ನಿಲ್ಲಿಸಿ. ಒಂಬತ್ತೂವರೆಗೆ ಮುಗಿಸುತ್ತೇನೆ ಎಂದಿದ್ದರೆ, ಇನ್ನೂ ಹತ್ತು ಮನೆ ಉಳಿದಿದ್ದರೂ ಮುಗಿಸಿ. ಮನೆಯಲ್ಲಿ ತಿಂಡಿ ಮಾಡಿಟ್ಟು ಬಂದಿರುವ ಹೆಣ್ಣುಮಗಳು ಮುಂದಿನ ವಾರವೂ ಬರಬೇಕೆಂದರೆ ಈ ವಾರ ಅವರ ಗಡಿಯಾರವನ್ನು ನೀವು ಗೌರವಿಸಿರಬೇಕು. ಸಿದ್ಧಾಂತಕ್ಕಾಗಿ ಜನ ಒಮ್ಮೆ ಬರುತ್ತಾರೆ. ಎರಡನೇ ಸಲ ಬರುವುದು ತಮ್ಮ ಹೊತ್ತು ಹಾಳಾಗಲಿಲ್ಲ, ತಮ್ಮ ಹೆಸರು ಯಾರಿಗೋ ನೆನಪಿದೆ ಎಂಬ ಕಾರಣಕ್ಕೆ. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

4. ಪಟ್ಟಿ ಮತ್ತು ಅದರ ಹೊಣೆ

ಸ್ವಯಂಸೇವಕರ ಪಟ್ಟಿಗೆ ಒಂದು ಗೂಗಲ್ ಶೀಟ್ ಸಾಕು. ಹೆಸರು, ಫೋನ್, ಮನೆ ಇರುವ ಭಾಗ ಸಂಖ್ಯೆ, ಮಾತಾಡುವ ಭಾಷೆಗಳು, ಬಿಡುವಿನ ಹೊತ್ತು, ಒಪ್ಪಿಕೊಂಡ ಕೆಲಸ, ಕೊನೆಯ ಸಲ ಬಂದ ದಿನ, ಯಾರು ಫೋನ್ ಮಾಡಿದರು. ಇನ್ನೊಂದು ಕಾಲಂ 'ಏನು ಹೇಳಿದರು'. ಮಗಳ ಪರೀಕ್ಷೆ ಇದೆ, 20ರ ನಂತರ ಕರೆಯಿರಿ ಎಂದಿದ್ದರೆ ಅದನ್ನು ಬರೆಯಿರಿ, 20ರ ನಂತರವೇ ಕರೆಯಿರಿ, ಮಗಳ ಪರೀಕ್ಷೆ ಹೇಗಾಯಿತೆಂದು ಕೇಳಿ.

ಮತದಾರರ ಮಾಹಿತಿ ಇದಕ್ಕಿಂತ ಸೂಕ್ಷ್ಮ. 2022ರ ನವೆಂಬರ್‌ನಲ್ಲಿ ಬೆಂಗಳೂರಿನ ಮತದಾರರ ಮಾಹಿತಿ ಸಂಗ್ರಹದ ಪ್ರಕರಣ ಹೊರಬಂದದ್ದು ಹಲವರಿಗೆ ನೆನಪಿರಬಹುದು. ಮತದಾರರ ಜಾಗೃತಿಗೆಂದು ಅನುಮತಿ ಪಡೆದ ಸಂಸ್ಥೆಯೊಂದರ ಕಡೆಯವರು ಬಿಎಲ್ಒ ಗುರುತಿನ ಚೀಟಿ ಹಾಕಿಕೊಂಡು ಮನೆಮನೆಯಿಂದ ಖಾಸಗಿ ವಿವರ ಪಡೆದರೆಂಬುದು ಆರೋಪ. ಬಂಧನಗಳಾದವು, ಅಧಿಕಾರಿಗಳು ಅಮಾನತಾದರು. ಇಂಥ ಪ್ರಕರಣಗಳಲ್ಲಿ ಬಾಗಿಲು ತಟ್ಟುವವರು ಬಹುಪಾಲು ನಿಮ್ಮ ವಯಸ್ಸಿನ, ದಿನಗೂಲಿಗೆ ಬಂದ ಹುಡುಗ ಹುಡುಗಿಯರೇ. ಆದ್ದರಿಂದ ಕೆಲವು ಗೆರೆಗಳನ್ನು ದಾಟಲೇಬೇಡಿ. ಸರ್ಕಾರದ ಕಡೆಯವರಂತೆ ಪರಿಚಯಿಸಿಕೊಳ್ಳಬೇಡಿ. ಪಕ್ಷದ ಹೆಸರನ್ನು ಮೊದಲ ವಾಕ್ಯದಲ್ಲೇ ಹೇಳಿ. ಆಧಾರ್ ಸಂಖ್ಯೆ, ಒಟಿಪಿ, ಬ್ಯಾಂಕ್ ವಿವರ ಕೇಳಬೇಡಿ. ಮತದಾರರ ಗುರುತಿನ ಚೀಟಿಯ ಫೋಟೊ ತೆಗೆಯಬೇಡಿ. ಫೋನ್ ಸಂಖ್ಯೆ ಪಡೆಯುವುದಾದರೆ ಯಾಕೆಂದು ಹೇಳಿ ಪಡೆಯಿರಿ. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ಸಂಸತ್ತು ಕಾಯ್ದೆಯನ್ನೇ ಮಾಡಿದೆ. ಜಾತಿಯ ಕಾಲಂ ಸೇರಿಸಿ ಎಂದು ಯಾರಾದರೂ ಹೇಳಿದರೆ ನಾನದನ್ನು ತುಂಬುವುದಿಲ್ಲ ಎಂದು ಹೇಳುವ ಧೈರ್ಯ ಇರಲಿ.

5. ಮತದಾರರ ಪಟ್ಟಿಯಲ್ಲಿ ಹೆಸರು: ಇದನ್ನು ಮೊದಲು ಮಾಡಿ

ಪ್ರಚಾರ ಬಿಸಿಯೇರುವ ಮುನ್ನವೇ ತಂಡಕ್ಕೆ ಕೊಡಬಹುದಾದ ಅತ್ಯುತ್ತಮ ಕೆಲಸ ಇದು. ಹೊಸ ಹೆಸರಿಗೆ ನಮೂನೆ 6, ವಿಳಾಸ ಬದಲಾವಣೆಗೂ ತಿದ್ದುಪಡಿಗೂ ನಮೂನೆ 8. ಆಯೋಗದ ಜಾಲತಾಣದಲ್ಲಿ ಅಥವಾ ಆ್ಯಪ್‌ನಲ್ಲಿ ತುಂಬಬಹುದು, 1950ಕ್ಕೆ ಕರೆ ಮಾಡಿ ವಿಚಾರಿಸಬಹುದು. ನಾಮಪತ್ರ ಸಲ್ಲಿಸುವ ಕೊನೆಯ ದಿನ ದಾಟಿದ ಮೇಲೆ ಆ ಚುನಾವಣೆಗೆ ಹೆಸರು ಸೇರುವುದಿಲ್ಲ. ಅರ್ಜಿ ಪರಿಶೀಲನೆಗೂ ದಿನ ಬೇಕಾದ್ದರಿಂದ ಅದಕ್ಕೂ ಸಾಕಷ್ಟು ಮೊದಲೇ ಸಲ್ಲಿಸಬೇಕು. ಹಾಸ್ಟೆಲ್ಲಿನಲ್ಲಿರುವ ವಿದ್ಯಾರ್ಥಿಗಳು ಊರಿನ ಮನೆ, ಹಾಸ್ಟೆಲ್ ಎರಡರಲ್ಲಿ ಒಂದು ಕಡೆ ಹೆಸರು ಇಟ್ಟುಕೊಳ್ಳಬಹುದು. ಎರಡೂ ಕಡೆ ಇರಬಾರದು.

85 ದಾಟಿದ ಹಿರಿಯರು, ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರು ಮನೆಯಿಂದಲೇ ಮತ ಹಾಕಲು ನಮೂನೆ 12ಡಿ ಕೊಡಬಹುದು. ಅಧಿಸೂಚನೆ ಹೊರಬಿದ್ದ ಐದು ದಿನಗಳೊಳಗೆ ಅದು ತಲುಪಬೇಕು. ಎಷ್ಟೋ ಮನೆಗಳಲ್ಲಿ ಇದು ಗೊತ್ತೇ ಇರುವುದಿಲ್ಲ, ಗೊತ್ತಾಗುವ ಹೊತ್ತಿಗೆ ಐದು ದಿನ ಕಳೆದಿರುತ್ತದೆ. ಆ ಅಜ್ಜಿ ಯಾರಿಗೆ ಮತ ಹಾಕುತ್ತಾರೆಂದು ಲೆಕ್ಕ ಹಾಕದೆ ನಮೂನೆಯ ವಿಷಯ ತಿಳಿಸಿ ಬನ್ನಿ.

6. ಬಾಗಿಲ ಬಳಿ

ಹೊರಡುವ ಮುನ್ನ ಇಪ್ಪತ್ತು ನಿಮಿಷ ತರಬೇತಿ. ಭಾಷಣ ಬೇಡ, ಇಬ್ಬಿಬ್ಬರನ್ನು ನಿಲ್ಲಿಸಿ, ಒಬ್ಬರು ಮನೆಯವರಾಗಲಿ, ಇನ್ನೊಬ್ಬರು ಬಾಗಿಲು ತಟ್ಟಲಿ. 'ಎಲ್ಲರೂ ಒಂದೇ, ಹೋಗ್ರಿ' ಎಂದು ಬಾಗಿಲು ಹಾಕುವವರಿಗೆ ಏನು ಹೇಳುವುದು, ಕಸದ ಗಾಡಿ ಬರುತ್ತಿಲ್ಲ ಎಂದು ಅರ್ಧ ಗಂಟೆ ಬೈಯುವವರ ಮುಂದೆ ಹೇಗೆ ನಿಲ್ಲುವುದು ಎಂಬುದನ್ನು ಅಲ್ಲೇ ಆಡಿ ನೋಡಬೇಕು. ಬೈಯುವವರ ಮಾತನ್ನು ಕತ್ತರಿಸಬೇಡಿ. ಕೇಳಿಸಿಕೊಂಡು, ರಸ್ತೆ, ಮನೆ ಬರೆದುಕೊಂಡು, ಕಚೇರಿಗೆ ತಲುಪಿಸುತ್ತೇನೆ ಎನ್ನಿ. ಸರಿಮಾಡಿಸುತ್ತೇನೆ ಎಂಬ ಮಾತು ಬೇಡ, ಅದು ನಿಮ್ಮ ಕೈಯಲ್ಲಿಲ್ಲ. ತಲುಪಿಸುತ್ತೇನೆ ಎಂದದ್ದನ್ನು ಅದೇ ದಿನ ತಲುಪಿಸಿ.

ಯಾವಾಗಲೂ ಇಬ್ಬರು, ಸಾಧ್ಯವಾದರೆ ಒಬ್ಬರು ಮಹಿಳೆ, ಒಬ್ಬರಾದರೂ ಅದೇ ಬೀದಿಯವರು. ಮನೆಯೊಳಗೆ ಹೋಗುವುದು ಬೇಡ, ಬಾಗಿಲಲ್ಲೇ ಮಾತು. ಕತ್ತಲಾದ ಮೇಲೆ ಹೆಣ್ಣುಮಕ್ಕಳ ಜೋಡಿಯನ್ನು ಗುರುತಿಲ್ಲದ ಗಲ್ಲಿಗೆ ಕಳಿಸಬೇಡಿ. ಮನೆ ತಲುಪಿದ ಸಂದೇಶ ಬರುವವರೆಗೆ ಆ ದಿನದ ನಿಮ್ಮ ಕೆಲಸ ಮುಗಿದಿಲ್ಲ. 2023ರಲ್ಲಿ ಮೇ ತಿಂಗಳು, 2024ರಲ್ಲಿ ಏಪ್ರಿಲ್. ಎರಡೂ ಸಲ ಬಿರುಬೇಸಿಗೆಯ ಚುನಾವಣೆ. ಬೆಳಿಗ್ಗೆ ಹತ್ತರ ನಂತರ, ಸಂಜೆ ನಾಲ್ಕೂವರೆಗೆ ಮುನ್ನ ಯಾರನ್ನೂ ಬಿಸಿಲಿಗೆ ಅಟ್ಟಬೇಡಿ. ನೀರು, ಟೋಪಿ, ಬೀದಿನಾಯಿ ಹೆಚ್ಚಿರುವ ಗಲ್ಲಿಗಳ ಎಚ್ಚರಿಕೆ ನಿಮ್ಮ ಪಟ್ಟಿಯಲ್ಲಿರಲಿ.

ಕಾನೂನಿನ ಕೆಲವು ಸಂಗತಿ ಪ್ರತಿ ಸ್ವಯಂಸೇವಕರಿಗೂ ಗೊತ್ತಿರಬೇಕು. ಜಾತಿ, ಧರ್ಮ, ಸಮುದಾಯ, ಭಾಷೆಯ ಹೆಸರಿನಲ್ಲಿ ಮತ ಕೇಳುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(3)ನೇ ಸೆಕ್ಷನ್ ಪ್ರಕಾರ ಭ್ರಷ್ಟ ಆಚರಣೆ. ಅಭ್ಯರ್ಥಿಯದಷ್ಟೇ ಅಲ್ಲ, ಮತದಾರರ ಜಾತಿ, ಧರ್ಮದ ಹೆಸರಿನಲ್ಲಿ ಕೇಳುವುದೂ ಇದರಲ್ಲಿ ಸೇರುತ್ತದೆ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 'ನಮ್ಮವರೇ ನಿಂತಿದ್ದಾರೆ' ಎಂಬ ಸಲೀಸು ಮಾತು ಬಾಯಿಗೆ ಬರದಂತೆ ತರಬೇತಿಯಲ್ಲೇ ತಿದ್ದಿ. ಕರಪತ್ರದ ಮೇಲೆ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಇಲ್ಲದಿದ್ದರೆ ಹಂಚಬೇಡಿ; 127ಎ ಸೆಕ್ಷನ್ ಅದನ್ನು ಕಡ್ಡಾಯ ಮಾಡಿದೆ. ಗೋಡೆ, ಮರ, ವಿದ್ಯುತ್ ಕಂಬಕ್ಕೆ ಏನನ್ನೂ ಅಂಟಿಸಬೇಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ.

ಸುತ್ತು ಮುಗಿದ ಮೇಲೆ ಹತ್ತು ನಿಮಿಷ ದರ್ಶಿನಿಯ ಮುಂದೆ ನಿಂತು ಮಾತಾಡಿ. ಯಾವ ಮನೆ ಬೀಗ, ಯಾರು ಇನ್ನೊಮ್ಮೆ ಬನ್ನಿ ಎಂದರು, ಯಾವ ಪ್ರಶ್ನೆಗೆ ಉತ್ತರ ತಿಳಿಯಲಿಲ್ಲ. ಮರುದಿನಕ್ಕೆ ಮುಂದೂಡಿದರೆ ಅರ್ಧ ಮರೆತಿರುತ್ತದೆ.

7. ದುಡ್ಡು

ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕದ ಅಭ್ಯರ್ಥಿಯ ಖರ್ಚಿನ ಮಿತಿ ₹40 ಲಕ್ಷ, ಲೋಕಸಭೆಗೆ ₹95 ಲಕ್ಷ. 2022ರಿಂದ ಇರುವ ಮಿತಿ ಇದು. ಸ್ವಯಂಸೇವಕರ ಟೀ, ಇಡ್ಲಿ, ಪಲಾವೂ ಇದೇ ಲೆಕ್ಕಕ್ಕೆ ಬರುತ್ತದೆ. ಜಿಲ್ಲಾ ಚುನಾವಣಾಧಿಕಾರಿ ಇಂಥ ವಸ್ತುಗಳಿಗೆ ದರಪಟ್ಟಿಯನ್ನೇ ಮಾಡಿರುತ್ತಾರೆ. ನಿಮ್ಮ ಕೈಯಿಂದ ಆದ ಪ್ರತಿ ಖರ್ಚಿಗೆ ಬಿಲ್ಲು ಇಟ್ಟು ಅದೇ ದಿನ ಲೆಕ್ಕ ನೋಡುವವರಿಗೆ ಕೊಡಿ. ನಿಮಗೆ ಗೌರವಧನ ಇದ್ದರೆ ಬ್ಯಾಂಕ್ ಮೂಲಕ ಬರಲಿ.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಕೊನೆಯ ದಿನಗಳಲ್ಲಿ ಯಾರೋ ನಿಮ್ಮ ಕೈಗೆ ಕವರಿನ ಕಟ್ಟೋ, ಟೋಕನ್ನೋ, ಸೀರೆಯ ಚೀಲವೋ ಕೊಟ್ಟು 'ಈ ಬೀದಿಗೆ ತಲುಪಿಸಿಬಿಡು' ಎನ್ನಬಹುದು. ಮತಕ್ಕೆ ಕೊಡುವ ಹಣ, ವಸ್ತು ಲಂಚ. ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ. 'ನಾನು ಇದಕ್ಕೆ ಬಂದಿಲ್ಲ' ಎಂದು ಹೇಳಿ ಅಲ್ಲಿಂದ ಹೊರಡಿ, ಮನೆಯವರಿಗೂ ಕಾಲೇಜಿನ ಮಾರ್ಗದರ್ಶಕರಿಗೂ ಅದೇ ದಿನ ತಿಳಿಸಿ. ಚುನಾವಣಾ ಅಕ್ರಮಗಳ ದೂರಿಗೆಂದೇ ಆಯೋಗ ಮಾಡಿರುವ ಸಿ-ವಿಜಿಲ್‌ನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ನಿಮ್ಮ ಮಾತು ನಂಬಿ ಬಂದ ಸ್ವಯಂಸೇವಕರಿಗೂ ಇದನ್ನು ಮೊದಲ ದಿನವೇ ಹೇಳಿಡಿ: ಈ ತಂಡದಲ್ಲಿ ಕರಪತ್ರ ಬಿಟ್ಟು ಬೇರೇನೂ ಹಂಚುವುದಿಲ್ಲ.

8. ಕೊನೆಯ 48 ಗಂಟೆ, ಮತದಾನದ ದಿನ

ಮತದಾನ ಮುಗಿಯುವ ಗಂಟೆಗೆ 48 ಗಂಟೆ ಮೊದಲು ಬಹಿರಂಗ ಪ್ರಚಾರ ನಿಲ್ಲುತ್ತದೆ. ಶುಕ್ರವಾರ ಸಂಜೆ 6ಕ್ಕೆ ಮತದಾನ ಮುಗಿಯುವುದಾದರೆ ಬುಧವಾರ ಸಂಜೆ 6ಕ್ಕೆ ಮೈಕು, ಸಭೆ ಎಲ್ಲ ಬಂದ್. ಆ ಕ್ಷೇತ್ರದ ಮತದಾರರಲ್ಲದ ಪ್ರಚಾರಕರು, ಕಾರ್ಯಕರ್ತರು ಆ ಹೊತ್ತಿಗೆ ಕ್ಷೇತ್ರ ಬಿಡಬೇಕು. ವಿದ್ಯಾರ್ಥಿಗಳು ಎಡವುವುದು ಇಲ್ಲೇ: ಪಿಜಿ ಇರುವುದು ವಿಜಯನಗರದಲ್ಲಿ, ಮತ ಇರುವುದು ಮಂಡ್ಯದಲ್ಲಿ. ಹಾಗಿದ್ದರೆ ಕೊನೆಯ ಎರಡು ದಿನದ ಹೊಣೆಯನ್ನು ಸ್ಥಳೀಯ ಮತದಾರರಾದ ಸ್ವಯಂಸೇವಕರಿಗೆ ಮೊದಲೇ ವಹಿಸಿ, ಊರಿಗೆ ಹೋಗಿ ಮತ ಹಾಕಿ. ಉಳಿಯುವವರು ಆ ದಿನಗಳ ನಿಷೇಧಾಜ್ಞೆಯ ಪ್ರತಿಯನ್ನು ಓದಿಕೊಂಡಿರಲಿ.

ಮತದಾನ ವಾರಾಂತ್ಯಕ್ಕೆ ಹತ್ತಿರವಿದ್ದರೆ (2024ರಲ್ಲಿ ಶುಕ್ರವಾರವಿತ್ತು) ಜನ ಬಸ್ ಟಿಕೆಟ್ ಕಾಯ್ದಿರಿಸುವ ಮುನ್ನವೇ, ಅಂದರೆ ಎರಡು ಮೂರು ವಾರ ಮೊದಲೇ, ಬಾಗಿಲ ಬಳಿ ಆ ಮಾತು ಎತ್ತಬೇಕು. ಹಿಂದಿನ ಸಂಜೆ ನೆನಪಿಸಿ ಪ್ರಯೋಜನವಿಲ್ಲ.

ಅಭ್ಯರ್ಥಿಯ ಪರವಾಗಿ ಮತಗಟ್ಟೆಯೊಳಗೆ ಕೂರುವ ಮತಗಟ್ಟೆ ಏಜೆಂಟರಾಗುವವರಿಗೆ ನಮೂನೆ 10ರಲ್ಲಿ ನೇಮಕ ಪತ್ರ ಬೇಕು. ಮತಯಂತ್ರ ಸರಿಯಿದೆಯೇ ಎಂದು ನೋಡುವ ಅಣಕು ಮತದಾನ ಸಾಮಾನ್ಯವಾಗಿ ಒಂದೂವರೆ ಗಂಟೆ ಮೊದಲು ಆರಂಭವಾಗುವುದರಿಂದ, 7ಕ್ಕೆ ಮತದಾನವಿದ್ದರೆ 5.30ಕ್ಕೆ ಅವರು ಒಳಗಿರಬೇಕು. ಅಷ್ಟು ಬೆಳಿಗ್ಗೆ ಬಸ್ಸು ಮೆಟ್ರೊ ನಂಬಿಕೊಳ್ಳಬೇಡಿ. ನಡೆದು ಬರುವಷ್ಟು ಹತ್ತಿರದವರನ್ನೇ ಏಜೆಂಟರನ್ನಾಗಿ ಸೂಚಿಸಿ. ಮತಗಟ್ಟೆಯ 100 ಮೀಟರ್ ಒಳಗೆ ಮತ ಕೇಳುವಂತಿಲ್ಲ. ಪಕ್ಷದಿಂದ ಕೊಡುವ ಚೀಟಿ ಬಿಳಿ ಕಾಗದದ್ದಾಗಿರಬೇಕು, ಅದರಲ್ಲಿ ಚಿಹ್ನೆಯಾಗಲಿ ಅಭ್ಯರ್ಥಿಯ ಹೆಸರಾಗಲಿ ಇರಬಾರದು. ಮತದಾರರನ್ನು ಕರೆತರಲು ಪ್ರಚಾರ ತಂಡ ವಾಹನ ಒದಗಿಸುವುದೂ ಭ್ರಷ್ಟ ಆಚರಣೆ. ಒಳ್ಳೆಯ ಮನಸ್ಸಿನಿಂದ ಆಟೋ ಮಾಡಿ ಕಳಿಸಿದರೂ ಅಷ್ಟೇ. ಸಹಾಯ ಬೇಕಾದ ಅಂಗವಿಕಲರಿಗೆ, ಹಿರಿಯರಿಗೆ ಆಯೋಗದ ಸಕ್ಷಮ್ ಸೇವೆ ತೋರಿಸಿ.

9. ಮುಗಿದ ಮೇಲೆ

ಗೆದ್ದರೂ ಸೋತರೂ ಮರುದಿನ ಪ್ರತಿ ಸ್ವಯಂಸೇವಕರಿಗೂ ನೀವೇ ಫೋನ್ ಮಾಡಿ. ಗುಂಪಿಗೆ ಹಾಕುವ ಒಂದು ಧನ್ಯವಾದ ಸಾಲದು. ಸ್ವಯಂಸೇವಕರ ಪಟ್ಟಿಯನ್ನು ಅವರ ಒಪ್ಪಿಗೆ ಇದ್ದಷ್ಟು ಮಾತ್ರ ಕಚೇರಿಗೆ ಒಪ್ಪಿಸಿ, ನಿಮ್ಮ ಫೋನು ಲ್ಯಾಪ್‌ಟಾಪಿನಲ್ಲಿರುವ ಪ್ರತಿ ಅಳಿಸಿ.

ಕಾಲೇಜಿನ ವರದಿಯಲ್ಲಿ ಸಭೆಗಳ ಫೋಟೊ ತುಂಬುವ ಬದಲು ಒಂದೇ ಭಾಗ ಸಂಖ್ಯೆಯ ಕಥೆ ಬರೆಯಿರಿ: ಎಷ್ಟು ಮನೆ, ಯಾವ ಭಾಷೆಗಳು, ಯಾರು ಬಂದರು, ಯಾರು ಬಿಟ್ಟರು, ಯಾಕೆ ಬಿಟ್ಟರು, ಆ ಮತಗಟ್ಟೆಯ ಮತದಾನ ಹಿಂದಿನ ಸಲಕ್ಕಿಂತ ಹೇಗಿತ್ತು. ಮತಗಟ್ಟೆವಾರು ಫಲಿತಾಂಶ ನಮೂನೆ 20ರಲ್ಲಿ ಸಿಗುತ್ತದೆ. ಜನರ ಹೆಸರು, ವಿಳಾಸ ವರದಿಗೆ ಸೇರಿಸಬೇಡಿ.

ಒಂದು ಕೆಲಸ ಉಳಿದಿರುತ್ತದೆ. ಮತದಾನದ ದಿನ 'ಗುರುತಿನ ಚೀಟಿ ಇದೆ, ಪಟ್ಟಿಯಲ್ಲಿ ಹೆಸರಿಲ್ಲ' ಎಂದು ವಾಪಸ್ ಹೋದವರ ಮನೆಗಳನ್ನು ನಿಮ್ಮ ಸ್ವಯಂಸೇವಕರು ಗುರುತು ಹಾಕಿಕೊಂಡಿರುತ್ತಾರೆ. ಪಟ್ಟಿಗೆ ಸೇರಲು 18 ತುಂಬಿದೆಯೇ ಎಂದು ನೋಡುವ ಅರ್ಹತಾ ದಿನಾಂಕಗಳು ವರ್ಷಕ್ಕೆ ನಾಲ್ಕಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಆ ಮನೆಯಲ್ಲಿ ಈಗಷ್ಟೇ 18 ತುಂಬುತ್ತಿರುವವರಿದ್ದರೆ ಅವರಿಗೂ ಸೇರಿಸಿ ನಮೂನೆ 6 ತೆಗೆದುಕೊಂಡು, ಅದೇ ಜೋಡಿಯನ್ನು ಅದೇ ಬೀದಿಗೆ ಇನ್ನೊಂದು ಶನಿವಾರ ಕಳಿಸಿ. ಈ ಸಲ ಕರಪತ್ರ ಬೇಡ.